ಎರಡನೆಯ ಈಡು

ಮಲೆ ಮಹದೇಶ್ವರ ಬೆಟ್ಟ ಇಳಿದು, ಪಾಲಾರಿನಲ್ಲಿ ಮೆಟ್ಟೂರಿನ ದಾರಿ ಬಿಟ್ಟು ಗೋಪಿನಾಥಂ ಕಡೆಗೆ ಹೊರಳುವ ಹೊತ್ತಿಗೆ ಫೋನಿನಲ್ಲಿದ್ದ ಕೊನೆಯ ಗೆರೆಯೂ ಮಾಯವಾಯಿತು. ಅದಕ್ಕೆ ಒಂದು ಗಳಿಗೆ ಮುಂಚೆ ಅಕ್ಕನ ಮಗನ ಸಂದೇಶ ಬಂದು ಬಿದ್ದಿತ್ತು. ಅವನು ಬವೇರಿಯಾದಲ್ಲಿ ಎಂಜಿನಿಯರು. ಎರಡು ವರ್ಷ ಓದಿ, ಜರ್ಮನಿಯವರು ‘ಹಸಿರು ಅಬಿಟೂರ್’ ಎಂದು ಕರೆಯುವ ಬೇಟೆಗಾರರ ಪರೀಕ್ಷೆ ಪಾಸು ಮಾಡಿದ್ದಾನೆ. ‘ಮಾಮ, ಸ್ಟ್ರೇಟ್‌ಪುಲ್ ರೈಫಲ್ ತಗೋಬೇಕು ಅಂತಿದ್ದೀನಿ. ಕಾಡುಹಂದಿ, ಕೆಂಪು ಜಿಂಕೆಗೆ. ಯಾವುದು ಒಳ್ಳೇದು, ನೀನೇ ಹೇಳು.’

ಎನ್‌ಸಿಸಿಯ .22 ರೈಫಲಿನಲ್ಲಿ ಕಾಗದದ ಗುರಿಗೆ ಹೊಡೆದದ್ದು, ಊರಲ್ಲಿ ಅಜ್ಜನ ಲೈಸೆನ್ಸಿನ ಜೋಡಿನಳಿಗೆಯನ್ನು ಬಿಚ್ಚಿ ಎಣ್ಣೆ ಹಚ್ಚಿದ್ದು, ಇಷ್ಟೇ ನನ್ನ ಅನುಭವ. ಆದರೂ ಅವನು ನನ್ನನ್ನೇ ಕೇಳಿದ್ದಕ್ಕೆ ಕಾರಣವಿದೆ. ಅವನಿಗೆ ಹತ್ತು ವರ್ಷವಾಗಿದ್ದಾಗ ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ಬೇಟೆಗಾರ ಕೆನೆತ್ ಆಂಡರ್ಸನ್ನರ ಕಾಡಿನ ಕತೆಗಳನ್ನು ಕೈಗಿಟ್ಟವನು ನಾನು. ಆ ಕತೆಗಳ ಕಾಡನ್ನು ಕಣ್ಣಾರೆ ನೋಡಬೇಕೆಂದೇ ಈಗ ಈ ದಾರಿ ಹಿಡಿದಿದ್ದೆ.

ದಾರಿಯ ಎರಡೂ ಕಡೆ ಕುರುಚಲು. ಜಾಲಿ, ಕಗ್ಗಲಿ, ದಿಂಡಿಗ. ಎಲೆ ಉದುರಿಸಿಕೊಂಡು ನಿಂತ ಬೂದುಬಣ್ಣದ ಬೆಟ್ಟಗಳು ಒಂದರ ಬೆನ್ನಿಗೆ ಒಂದು. ಈ ಬೋಳಿನಲ್ಲಿ ಆನೆ ಎಲ್ಲಿ ಬಚ್ಚಿಟ್ಟುಕೊಂಡೀತು ಎಂದುಕೊಳ್ಳುವಷ್ಟರಲ್ಲೇ ಡಾಂಬರಿನ ಮೇಲೆ ಬಿಸಿ ಆರದ ಲದ್ದಿ! ಡ್ರೈವರ್ ಗಾಡಿ ನಿಲ್ಲಿಸಿ ಕಿಟಕಿಯ ಗಾಜು ಇಳಿಸಿದ. ಇಬ್ಬರೂ ಉಸಿರು ಬಿಗಿಹಿಡಿದು ಕೇಳಿದೆವು. ಎಲ್ಲೋ ಒಂದು ಕಡ್ಡಿ ಮುರಿದ ಸದ್ದು, ಅಷ್ಟೆ. ಹತ್ತು ಮಾರು ದೂರದಲ್ಲಿ ಮನೆಯಷ್ಟು ದೊಡ್ಡ ಜೀವವೊಂದು ನಿಂತಿದ್ದಿರಬಹುದು, ನಮಗೆ ಕಂಡದ್ದು ಮುಳ್ಳಿನ ನೆರಳು ಮಾತ್ರ.

ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರವರೆಗೆ ಮದರಾಸಿಗೆ ಸೇರಿತ್ತು. ಆಂಡರ್ಸನ್ನರ ಕಾಲದಲ್ಲಿ ಕಾವೇರಿಯ ಈ ದಡ ಕೊಯಮತ್ತೂರು ಜಿಲ್ಲೆ, ಆ ದಡ ಸೇಲಂ. ಅವರ ಊಟಮಲೈ, ಪೆನ್ನಾಗರಂ ಎಲ್ಲ ಹೊಳೆಯಾಚೆ. ಕದ್ದು ಬೇಟೆಯಾಡುತ್ತಿದ್ದು, ಆಮೇಲೆ ಆಂಡರ್ಸನ್ನರ ಜೀವದ ಗೆಳೆಯನಾದ ಪೂಜಾರಿ ಬೈರನ ಕಾಡೂ ಅಲ್ಲೇ. ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದ ಆಂಡರ್ಸನ್ ರಜೆ ಸಿಕ್ಕಿದಾಗೆಲ್ಲ ಈ ಕಡೆಗೆ ಓಡಿ ಬರುತ್ತಿದ್ದರು. ಕೈಯಲ್ಲಿ .405 ವಿಂಚೆಸ್ಟರ್. ಹುಡುಗನಾಗಿದ್ದಾಗ ಆ ಸಂಖ್ಯೆಯನ್ನು ನಾನು ಮಂತ್ರದ ಹಾಗೆ ಹೇಳಿಕೊಳ್ಳುತ್ತಿದ್ದೆ. ಅದು ಏನು, ಯಾಕೆ ಅದನ್ನೇ ಅವರು ಕೊನೆಯವರೆಗೂ ಬಿಡಲಿಲ್ಲ ಎನ್ನುವುದು ಅರ್ಥವಾದದ್ದು ಎಷ್ಟೋ ವರ್ಷದ ಮೇಲೆ.

ಊರು ಮುಟ್ಟಿದಾಗ ಇಳಿಹೊತ್ತು. ಒಂದೇ ಜಗಲಿಯಲ್ಲಿ ಕನ್ನಡ, ತಮಿಳು ಎರಡೂ ಕೇಳಿಸುತ್ತಿದ್ದವು. ಗೋಪಿನಾಥಂ ಎಂದರೆ ಹೊರಗಿನವರಿಗೆ ದಂತಚೋರ ವೀರಪ್ಪನ್ ಹುಟ್ಟಿದ ಊರು. ನನ್ನನ್ನು ಹಿಡಿದು ನಿಲ್ಲಿಸಿದ್ದು ಇಲ್ಲಿನ ಮಾರಿಯಮ್ಮನ ಗುಡಿ. ಅದನ್ನು ಕಟ್ಟಿಸಲು ಮುಂದೆ ನಿಂತವರು ಅರಣ್ಯಾಧಿಕಾರಿ ಪಿ. ಶ್ರೀನಿವಾಸ್. ಮನೆ, ನೀರು, ಔಷಧಿ ಎಂದು ಊರಿನವರ ಕಷ್ಟಕ್ಕೆ ಒದಗುತ್ತ ಇಲ್ಲೇ ಬೇರೂರಿದ್ದವರು. ವೀರಪ್ಪನ್ ಶರಣಾಗುತ್ತಾನೆಂಬ ಮಾತನ್ನು ನಂಬಿ ನಿರಾಯುಧರಾಗಿ ಕಾಡಿಗೆ ಹೋದರು. 1991ರ ನವೆಂಬರ್ 10ರಂದು ಅವರನ್ನು ಕೊಂದರು. ಆಮೇಲೆ ಕೀರ್ತಿಚಕ್ರ ಬಂತು. ಗುಡಿಯ ಮುಂದೆ ಮಕ್ಕಳು ಆಡುತ್ತಿದ್ದರು. ರೈಫಲಿನ ಲೆಕ್ಕಾಚಾರ ತಲೆಯಲ್ಲಿ ಹೊತ್ತು ಬಂದವನು ಕೋವಿಯೇ ಇಲ್ಲದೆ ನಡೆದುಹೋದವರ ನೆನಪಿನೆದುರು ಬಹಳ ಹೊತ್ತು ನಿಂತೆ.

ರಾತ್ರಿ ಜಂಗಲ್ ಲಾಡ್ಜಸ್‌ನವರ ಬಿಡಾರದಲ್ಲಿ ತಂಗಿದೆ. ದಾರಿ ತೋರಿಸಲು ಬಂದಿದ್ದ ಊರಿನ ಮುದುಕರೊಬ್ಬರು ಬೆಂಕಿಯ ಪಕ್ಕ ಕೂತಿದ್ದರು. ಹಳೆಯ ನಾಡಕೋವಿಗಳ ಮಾತು ತೆಗೆದೆ. ಅವರು ಪಕ್ಕದಲ್ಲಿದ್ದ ಕೋಲನ್ನೇ ನಳಿಗೆ ಮಾಡಿಕೊಂಡು ತೋರಿಸತೊಡಗಿದರು. ಮೊದಲು ಮದ್ದು. ಅದರ ಮೇಲೆ ತೆಂಗಿನ ನಾರು. ಗಜದಿಂದ ಜಡಿಯಬೇಕು. ಆಮೇಲೆ ಸೀಸದ ಗುಂಡು, ಮತ್ತೆ ನಾರು, ಮತ್ತೆ ಜಡಿತ. ಕೊನೆಗೆ ತೊಟ್ಟಿನ ಮೇಲೆ ಕೇಪು ಸಿಕ್ಕಿಸಿ ಕುದುರೆ ಎತ್ತುವುದು. ಆ ಬೆರಳುಗಳು ಒಂದು ಕ್ಷಣವೂ ತಡವರಿಸಲಿಲ್ಲ.

‘ಇಷ್ಟೆಲ್ಲ ಆಗೋ ಹೊತ್ತಿಗೆ ಆನೆ ಸುಮ್ನಿರ್ತದಾ ಸಾ? ಒಂದೇ ಈಡು. ಎರಡ್ನೇದು ಇಲ್ಲ.’

‘ತಪ್ಪಿದರೆ?’

‘ಅದಕ್ಕೇ ಹತ್ರಕ್ಕೆ ಹೋಯ್ತಿದ್ರು. ಉಸ್ರು ಮುಖಕ್ಕೆ ಬಡಿಯೋವಷ್ಟು ಹತ್ರಕ್ಕೆ.’

ಸ್ವಲ್ಪ ಸುಮ್ಮನಿದ್ದು, ಗಾಯವಾಗಿ ತಪ್ಪಿಸಿಕೊಂಡು ಹೋದ ಆನೆ ಕೀವು ತುಂಬಿ ನರಳುತ್ತ ಸಾಯುವುದನ್ನು ಹೇಳಿದರು. ನೀರಿನಲ್ಲೇ ನಿಂತಿರುತ್ತದಂತೆ, ಉರಿ ತಾಳಲಾರದೆ. ಆ ಮಾತಿನ ಮೇಲೆ ಬೆಂಕಿಯ ಸುತ್ತ ಯಾರೂ ಮಾತಾಡಲಿಲ್ಲ.

ನನಗೆ ನಿದ್ದೆ ಬರಲಿಲ್ಲ. ಟಾರ್ಚ್ ಹಿಡಿದು ಹುಡುಗನಿಗೆ ಉತ್ತರ ಬರೆಯಲು ಕೂತೆ. ದೊಡ್ಡ ಪ್ರಾಣಿಯ ಬೇಟೆಗೆಂದು ಮನುಷ್ಯ ಮಾಡಿದ ಕೋವಿಗಳ ಕತೆಯೆಲ್ಲ ಆ ಮುದುಕರ ಒಂದು ಮಾತಿಗೆ ಕೊಟ್ಟ ಉತ್ತರವೇ ಅನ್ನಿಸಿತು. ಎರಡನೆಯ ಈಡು ಎಲ್ಲಿಂದ ತರುವುದು?

ಯಳಂದೂರಿನ ಮೇಲಿರುವ ಬಿಳಿಗಿರಿರಂಗನ ಬೆಟ್ಟದ ಸೀಮೆಯಲ್ಲಿ ಅಲೆದ ಸ್ಯಾಂಡರ್ಸನ್, ಚಾಮರಾಜನಗರದ ಹತ್ತಿರ 1874ರಲ್ಲಿ ಖೆಡ್ಡಾ ಮಾಡಿ ಐವತ್ತಕ್ಕೂ ಹೆಚ್ಚು ಆನೆ ಹಿಡಿದ ಸಾಹೇಬ, ನಾಲ್ಕು ಬೋರಿನ ಕೋವಿ ಬಳಸಿದವರು. ಒಂದು ಪೌಂಡು ಸೀಸದಲ್ಲಿ ನಾಲ್ಕೇ ಗುಂಡು ಎಂದು ಅದರ ಅರ್ಥ. ಒಂದೊಂದು ಗುಂಡು ನೂರು ಗ್ರಾಮಿಗೂ ಮಿಕ್ಕಿ! ಮೊದಲನೆಯ ಈಡೇ ಬಂಡೆಯ ಹಾಗೆ ಬಡಿಯಲಿ ಎನ್ನುವ ಉಪಾಯ ಅದು. ಜೋಡಿನಳಿಗೆ ಇನ್ನೊಂದು ಉಪಾಯ. ಎರಡನೆಯದು ಕಣ್ಣುಮಿಟುಕಿಸುವುದರೊಳಗೆ ಸಿಗುತ್ತದೆ, ಮೂರನೆಯದಕ್ಕೆ ಮಾತ್ರ ಕೋವಿ ಮುರಿದು ತೋಟಾ ತುಂಬಬೇಕು. ಮಾಮೂಲಿ ಬೋಲ್ಟ್ ರೈಫಲಿನಲ್ಲಿ ನಾಲ್ಕೈದು ಈಡು ಇರುತ್ತವೆ. ಆದರೆ ಪ್ರತಿ ಸಲವೂ ಹಿಡಿಯನ್ನು ಎತ್ತಬೇಕು, ಎಳೆಯಬೇಕು, ನೂಕಬೇಕು, ಮಡಚಬೇಕು. ಆ ನಾಲ್ಕು ಚಲನೆಯ ನಡುವೆ ಕೆನ್ನೆ ಕೋವಿಯಿಂದ ಏಳುತ್ತದೆ, ಕಣ್ಣು ಪ್ರಾಣಿಯಿಂದ ಜಾರುತ್ತದೆ.

1895ರಲ್ಲಿ ಎರಡು ಉತ್ತರ ಒಟ್ಟಿಗೆ ಹುಟ್ಟಿದ್ದನ್ನು ನೆನೆದರೆ ನನಗೆ ಈಗಲೂ ಮೈ ನವಿರೇಳುತ್ತದೆ. ಅಮೆರಿಕದಲ್ಲಿ ಜಾನ್ ಬ್ರೌನಿಂಗ್ ರೂಪಿಸಿದ ವಿಂಚೆಸ್ಟರ್: ಟ್ರಿಗರಿನ ಕೆಳಗಿನ ಸನ್ನೆಯನ್ನು ಕೆಳಕ್ಕೆ ಒತ್ತಿ ಮೇಲಕ್ಕೆ ತಂದರೆ ಮುಂದಿನ ತೋಟಾ ಸಿದ್ಧ. ಆಂಡರ್ಸನ್ನರ ಕೈಗೆ ಬಂದದ್ದು ಇದೇ. ಆಸ್ಟ್ರಿಯಾದಲ್ಲಿ ಫರ್ಡಿನಾಂಡ್ ಮಾನ್ಲಿಕರ್ ಮಾಡಿದ್ದು ನೇರ ಎಳೆತದ ರೈಫಲ್: ಹಿಡಿಯನ್ನು ಸೀದಾ ಹಿಂದಕ್ಕೆಳೆದರೆ ಬೋಲ್ಟಿನೊಳಗಿನ ಸುರುಳಿ ತೋಡುಗಳು ತಾವೇ ಅದರ ತಲೆಯನ್ನು ತಿರುಗಿಸಿ ಬೀಗ ಬಿಚ್ಚುತ್ತವೆ. ಹಿಂದೆ, ಮುಂದೆ, ಎರಡೇ ಚಲನೆ. ನಮ್ಮ ಹುಡುಗ ಕೇಳಿದ ಸ್ಟ್ರೇಟ್‌ಪುಲ್‌ನ ಹಿರಿಯಜ್ಜ ಅದು.

ವೇಗಕ್ಕೆ ಬೆಲೆ ತೆರಬೇಕಾಗುತ್ತದೆ. ಕೆನಡಾದವರ ರಾಸ್ ರೈಫಲ್ ಕೂಡ ನೇರ ಎಳೆತದ್ದೇ. ಗುರಿ ಅತಿ ನಿಖರ. 1915ರಲ್ಲಿ ಈಪ್ರ್ ಯುದ್ಧದ ಕೆಸರಿನಲ್ಲಿ ಬಿಸಿಯಾದ ತೋಟಾ ಒಳಗೇ ಕಚ್ಚಿಕೊಂಡು ಸೈನಿಕರು ಬೂಟುಗಾಲಿನಿಂದ ಬೋಲ್ಟ್ ಒದೆಯಬೇಕಾಯಿತು. ತಿರುಗಿಸುವ ಬೋಲ್ಟಿಗೆ ಅಂಟಿದ ತೋಟಾವನ್ನು ಸಡಿಲಿಸುವ ಮೀಟುಬಲವಿದೆ, ನೇರ ಎಳೆತಕ್ಕೆ ಅದು ಕಡಿಮೆ. ಬಿಚ್ಚಿ ತಪ್ಪಾಗಿ ಜೋಡಿಸಿದರೆ ಬೀಗ ಬೀಳದೆಯೇ ಗುಂಡು ಹಾರುವ ಅಪಾಯವೂ ರಾಸ್‌ನಲ್ಲಿತ್ತು. ಬ್ರಿಟನ್ನಿನ ವಿದೇಶಾಂಗ ಮಂತ್ರಿ ಎಡ್ವರ್ಡ್ ಗ್ರೇ ಅವರ ತಮ್ಮ ಜಾರ್ಜ್, 1911ರಲ್ಲಿ ಪೂರ್ವ ಆಫ್ರಿಕಾದಲ್ಲಿ .280 ರಾಸ್ ಹಿಡಿದು ಸಿಂಹಕ್ಕೆ ಎದುರಾದರು. ಗುಂಡು ತಗುಲಿತು, ಸಿಂಹ ನಿಲ್ಲಲಿಲ್ಲ. ಹಗುರ ಗುಂಡು ಎಷ್ಟು ವೇಗವಾಗಿ ಹೋದರೇನು, ಒಳಕ್ಕೆ ಆಳವಾಗಿ ಇಳಿಯಬೇಕಲ್ಲ.

ಹಾಗಾಗಿ ಹುಡುಗನಿಗೆ ಹೀಗೆ ಬರೆದೆ: ನಿಮ್ಮಲ್ಲಿ ಅರೆಸ್ವಯಂಚಾಲಿತ ಬೇಟೆಕೋವಿಗೆ ಒಟ್ಟು ಮೂರೇ ತೋಟಾ ಎಂಬ ಕಾನೂನಿದೆ. ಸೋಹು ಬೇಟೆಯಲ್ಲಿ ಹಂದಿಗಳು ಸಾಲಾಗಿ ನುಗ್ಗುತ್ತವೆ. ಅದಕ್ಕೇ ಅಲ್ಲಿ ನೇರ ಎಳೆತಕ್ಕೆ ಇಷ್ಟು ಬೇಡಿಕೆ. 2008ರ ಬ್ಲೇಸರ್ ಆರ್8ರಲ್ಲಿ ಬೋಲ್ಟಿನ ತುದಿ ಹೂವಿನಂತೆ ಸುತ್ತಲೂ ಅರಳಿ ನಳಿಗೆಯ ತೋಡಿನಲ್ಲಿ ಕಚ್ಚಿಕೊಳ್ಳುತ್ತದೆ, ಮರ್ಕೆಲ್ ಹೆಲಿಕ್ಸ್‌ನಲ್ಲಿ ತಲೆ ತಿರುಗಿ ಬೀಗ ಬೀಳುತ್ತದೆ. ಎರಡೂ ಒಳ್ಳೆಯವೇ. ನನಗೆ ಎರಡೂ ಹಿಡಿಸಿದ್ದು ಒಂದೇ ಕಾರಣಕ್ಕೆ. ಹೆಬ್ಬೆರಳಿನಿಂದ ಗುಂಡಿಯನ್ನು ಮುಂದಕ್ಕೆ ನೂಕುವ ತನಕ ಅವುಗಳ ಒಳಗಿನ ಸ್ಪ್ರಿಂಗು ಬಿಗಿಯುವುದೇ ಇಲ್ಲ. ಕಲ್ಲಿಗೆ ಎಡವಿ ಬಿದ್ದರೂ ಕೋವಿ ಸತ್ತಂತೆ ಮಲಗಿರುತ್ತದೆ. ಕೊಳ್ಳುವ ಮುನ್ನ ಚಳಿಯಲ್ಲಿ, ಕೈಗವಸು ತೊಟ್ಟು, ನೂರು ಸಲ ಎಳೆದು ನೋಡು. ಕೆನ್ನೆ ಕದಲದಿದ್ದರೆ ಅದು ನಿನ್ನ ಕೋವಿ.

ತೋಟಾದ ವಿಷಯಕ್ಕೆ ಬಂದಾಗ ಕೈ ತಾನಾಗಿ ಓಡಿತು. ದೊಡ್ಡ ಬೇಟೆಗೆ ಅಲ್ಲಿನ ಕಾನೂನು ಕೇಳುವುದು ಕನಿಷ್ಠ 6.5 ಮಿಲಿಮೀಟರ್ ಗಾತ್ರ, ನೂರು ಮೀಟರಿನಲ್ಲಿ 2000 ಜೂಲ್ ಶಕ್ತಿ. ಅದು ತಳಮಟ್ಟ, ಅಲ್ಲಿಗೇ ನಿಲ್ಲಬೇಡ. 9.3×62 ತೆಗೆದುಕೊ. ಬರ್ಲಿನ್ನಿನ ಒಟ್ಟೊ ಬೊಕ್ 1905ರಲ್ಲಿ ರೂಪಿಸಿದ್ದು. ಆಂಡರ್ಸನ್ನರ .405 ಬಂದದ್ದು ಅದರ ಹಿಂದಿನ ವರ್ಷ. ಒಂದರ ಗುಂಡು ಹದಿನೆಂಟೂವರೆ ಗ್ರಾಂ, ಇನ್ನೊಂದರದು ಹತ್ತೊಂಬತ್ತರ ಆಸುಪಾಸು. ನೀನು ಹತ್ತು ವರ್ಷದವನಿದ್ದಾಗ ಓದಿದ ಕೋವಿಗೆ ಇದಕ್ಕಿಂತ ಹತ್ತಿರದ ನೆಂಟ ಆ ದೇಶದಲ್ಲಿ ಸಿಗಲಾರದು. ಕೊನೆಗೆ ಮುದುಕರ ಮಾತನ್ನೂ ಸೇರಿಸಿದೆ, ಅವರು ಹೇಳಿದ ಹಾಗೇ: ಎರಡ್ನೇದು ಇಲ್ಲ, ಅದಕ್ಕೇ ಹತ್ರಕ್ಕೆ ಹೋಯ್ತಿದ್ರು.

ಮರುದಿನ ಹೊಗೇನಕಲ್ಲಿಗೆ ಹೋಗಿ ಬಂದೆವು. ಕಾವೇರಿ ಬಂಡೆ ಸೀಳಿ ಧುಮುಕುವುದನ್ನು ಬರೆದವರು ಬಹಳ ಮಂದಿ. ನಾನು ಹರಿಗೋಲಿನಲ್ಲಿ ಕೂತು ನೋಡಿದ್ದು ಆಚೆ ದಡವನ್ನು, ಹೊಳೆಮತ್ತಿ ಮರಗಳ ಸಾಲನ್ನು, ಅದರ ಹಿಂದೆ ಏರಿ ಹೋಗುವ ಬೆಟ್ಟಗಳನ್ನು. ಅಲ್ಲೆಲ್ಲೋ ಬೈರ ಕಾದು ಕೂತಿದ್ದ.

ಸಂಜೆ ಗೋಪಿನಾಥಂ ಕೆರೆಯಂಗಳಕ್ಕೆ ಬಂದು ಬಂಡೆಯ ಮರೆಯಲ್ಲಿ ಕೂತೆವು. ನೀರು ತಾಮ್ರದ ತಟ್ಟೆಯ ಹಾಗೆ ಅಲುಗದೆ ಮಲಗಿತ್ತು. ಮುದುಕರು ನನ್ನ ಮೊಣಕೈ ಮುಟ್ಟಿದರು. ಆಚೆ ದಡದ ಕುರುಚಲಿನಲ್ಲಿ ಒಂದು ಬಂಡೆ ಸರಿದಂತಾಯಿತು. ಮತ್ತೆ ಸರಿಯಿತು. ಆಮೇಲೆ, ಒಂದಿಷ್ಟೂ ಸದ್ದಿಲ್ಲದೆ, ಆನೆ ಹೊರಗೆ ಬಂದು ನಿಂತಿತು. ಒಂಟಿಸಲಗ! ಎರಡೂ ಕೊಂಬು ಇಳಿಬಿಸಿಲಲ್ಲಿ ಹಾಲಿನಂತೆ ಹೊಳೆದವು. ನನ್ನ ಗಂಟಲು ಕಟ್ಟಿತು. ಈ ಕಾಡಿನಲ್ಲಿ ಕೊಂಬಿಗಾಗಿ ನೂರಾರು ಗಂಡಾನೆಗಳು ಉರುಳಿದವು. ಆನೆಯನ್ನು ಮನಬಂದಂತೆ ಹೊಡೆಯಬಾರದೆಂದು ಮದರಾಸು ಸರ್ಕಾರ 1873ರಲ್ಲೇ ಕಾಯಿದೆ ತಂದಿದ್ದ ನೆಲ ಇದು. 1972ರ ವನ್ಯಜೀವಿ ಕಾಯಿದೆ ಬಂದ ಮೇಲೂ ಇಲ್ಲಿ ಕೋವಿ ಸುಮ್ಮನಾಗಿರಲಿಲ್ಲ.

‘ವಯಸ್ಸೆಷ್ಟಿರಬಹುದು?’ ಪಿಸುಗುಟ್ಟಿದೆ.

ಮುದುಕರು ಕಣ್ಣು ಕಿರಿದು ಮಾಡಿ ಅಳೆದರು. ‘ಇಪ್ಪತ್ತು ತುಂಬಿಲ್ಲ ಸಾ.’

ವೀರಪ್ಪನ್ ಸತ್ತದ್ದು 2004ರ ಅಕ್ಟೋಬರಿನಲ್ಲಿ. ನಾನು ಮನಸ್ಸಿನಲ್ಲೇ ಕಳೆದು ನೋಡಿದೆ, ಮತ್ತೊಮ್ಮೆ ಕಳೆದೆ. ಗಾಳಿ ನಮ್ಮ ಕಡೆಗೇ ಬೀಸುತ್ತಿತ್ತು. ಸಲಗ ಸೊಂಡಿಲೆತ್ತಿ ಒಮ್ಮೆ ಮೂಸಿತು, ಏನೂ ಸಿಗದೆ ಇಳಿಸಿತು. ಆಮೇಲೆ ಹೊಟ್ಟೆಮಟ್ಟದ ನೀರಿಗೆ ನಡೆದು, ಬೆನ್ನ ಮೇಲೆ ನೀರು ಸೂಸಿಕೊಳ್ಳತೊಡಗಿತು. ಪಕ್ಕದಲ್ಲಿ ಮುದುಕರ ಬಲಗೈ ಹೆಬ್ಬೆರಳು ಕೋಲಿನ ತುದಿಯನ್ನು ಮೆಲ್ಲಗೆ ಸವರುತ್ತಿತ್ತು. ಕತ್ತಲಾಗಿ ಸಲಗದ ಮೈ ನೀರಿನಲ್ಲಿ ಕರಗಿಹೋದ ಮೇಲೂ ನೀರು ಸೂಸುವ ಸದ್ದು ಕೇಳುತ್ತಲೇ ಇತ್ತು.