ಜೊತೆಯಾಗದ ಜೋಡಿ

ಇಬ್ಬರು ಒಂದೆಡೆ ನಿಂತ ಮಾತ್ರಕ್ಕೆ ಸಖ್ಯವುಂಟಾಗುವುದಿಲ್ಲ. ಬೆಟ್ಟಿ ಥಾಮಸ್ ನಿರ್ದೇಶನದಲ್ಲಿ 2002ರಲ್ಲಿ ತೆರೆಕಂಡ ಅಮೆರಿಕದ ಬೇಹುಗಾರಿಕೆಯ ಹಾಸ್ಯಚಿತ್ರ ‘ಐ ಸ್ಪೈ’ ಇದಕ್ಕೆ ನಿದರ್ಶನ. ಅದರ ಮೂಲವು 1965ರಿಂದ 1968ರವರೆಗೆ ಪ್ರಸಾರವಾದ ಅದೇ ಹೆಸರಿನ ಟಿ.ವಿ. ಧಾರಾವಾಹಿ. ಅಲ್ಲಿ ರಾಬರ್ಟ್ ಕಲ್ಪ್ ಟೆನಿಸ್ ಆಟಗಾರನ ಸೋಗಿನ ಗೂಢಚಾರ. ಬಿಲ್ ಕಾಸ್ಬಿ ತರಬೇತುದಾರನ ಸೋಗಿನ ಸಹಚರ. ವರ್ಣಭೇದವು ಉರಿಯುತ್ತಿದ್ದ ಆ ಕಾಲದಲ್ಲಿ ಬಿಳಿಯನೂ ಕರಿಯನೂ ಸರಿಸಮರಾಗಿ ನಕ್ಕರು. ಆ ಸಮಭಾವವೇ ಹಾಸ್ಯದ ಜೀವಾಳವಾಗಿತ್ತು.

ಚಿತ್ರದಲ್ಲಾದರೋ ಎಡ್ಡಿ ಮರ್ಫಿ ಗರ್ವದಿಂದ ಬೀಗುವ ಮುಷ್ಟಿಯೋಧ. ಓವೆನ್ ವಿಲ್ಸನ್ ಕೀಳರಿಮೆಯಲ್ಲಿ ಬೇಯುವ ಗೂಢಚಾರ. ಬುಡಾಪೆಸ್ಟ್ ನಗರದಲ್ಲಿ ಕಳುವಾದ ವಿಮಾನವನ್ನು ಅರಸುವಾಗ ಒಬ್ಬನು ಎಡೆಬಿಡದೆ ಮಾತನಾಡುತ್ತಾನೆ, ಮತ್ತೊಬ್ಬನು ತನ್ನಷ್ಟಕ್ಕೆ ಗೊಣಗುತ್ತಾನೆ. ಸಾಹಸದ ಅಬ್ಬರವು ಈ ಕೊರತೆಯನ್ನು ತುಂಬಲಾರದು. ಆಲಿಸುವ ಕಿವಿಯಿಲ್ಲದೆಡೆ ನಾಲಿಗೆ ಎಷ್ಟು ಚತುರವಾದರೇನು?