ಧರ್ಮಕ್ಕೆ ಸಿಕ್ಕಿದ ಪೆಟ್ಟಿಗೆ

ಅಮೆರಿಕದಿಂದ ರಜೆಗೆ ಬಂದ ಅಕ್ಕನ ಮಗ ಜಗಲಿಯ ಮೇಜಿನ ಮೇಲೆ, ಬಟ್ಟೆ ಹೊದ್ದ ಬನ್ಸಿನಂಥದ್ದೊಂದನ್ನು ಇಟ್ಟ. ಗೂಗಲ್ ಹೋಮ್ ಮಿನಿ, ಹೇಳಿದ ಹಾಡು ಹಾಕುವ ಪೆಟ್ಟಿಗೆ. 2018ರ ಕೊನೆಯಲ್ಲಿ ಅಲ್ಲಿ ಹಾಡು ಕೇಳಿಸುವ ಸ್ಪಾಟಿಫೈಯ ಕುಟುಂಬ ಚಂದಾ ಇದ್ದವರಿಗೆ ಅದನ್ನು ಬಿಟ್ಟಿಯಾಗಿ ಹಂಚಿದ್ದರಂತೆ.

“ಧರ್ಮಕ್ಕೆ ಕೊಟ್ಟದ್ದಾ? ಅವರಿಗೆಂಥ ಲಾಭ?” ಅಮ್ಮ ಕೇಳಿದರು.

“ತಿಂಗಳು ತಿಂಗಳು ಚಂದಾ ಕೊಡ್ತೇನಲ್ಲ ಅಜ್ಜಿ.”

“ಮತ್ತೆ ಧರ್ಮಕ್ಕೆ ಎಂಥದ್ದು ಮಾರಾಯ!”

ಅಡಿಕೆಯ ಲೆಕ್ಕ ಬರೆದು ಪಳಗಿದವರು ಅಮ್ಮ. ಅವರು ಕಂಡ ರೇಡಿಯೊಗೆ ದೊಡ್ಡ ಖರ್ಚು ಪೆಟ್ಟಿಗೆ ಕೊಳ್ಳುವಾಗ ಮಾತ್ರ. ಆಮೇಲೆ ವರ್ಷಕ್ಕೊಮ್ಮೆ ಪೋಸ್ಟಾಫೀಸಿನಲ್ಲಿ ಲೈಸೆನ್ಸಿನ ಹಣ ಕಟ್ಟಿದರಾಯಿತು. 1980ರ ದಶಕದಲ್ಲಿ ಆ ಲೈಸೆನ್ಸೂ ಹೋಯಿತು. 1976ರಲ್ಲಿ ಮಂಗಳೂರು ಆಕಾಶವಾಣಿ ಶುರುವಾದ ಮೇಲೆ ಯಕ್ಷಗಾನ ಜಗಲಿಗೇ ಬಂತು, ತಿಂಗಳ ಬಿಲ್ಲಿಲ್ಲದೆ. ಈಗ ಪೆಟ್ಟಿಗೆ ಬಿಟ್ಟಿ, ಹಾಡಿಗೆ ತಿಂಗಳ ಬಾಡಿಗೆ.

ಬಾಡಿಗೆಯ ಹಣ ಕಲಾವಿದರಿಗೆ ಹೇಗೆ ಹೋಗುತ್ತದೆ ಎಂದು ಹುಡುಗನನ್ನು ಕೆದಕಿದೆ. 30 ಸೆಕೆಂಡು ಕೇಳಿದರೆ ಒಂದು ಸಲ ಕೇಳಿದ ಲೆಕ್ಕ. ಒಟ್ಟು ಲೆಕ್ಕದಲ್ಲಿ ಯಾರದ್ದೆಷ್ಟೋ ಅಷ್ಟು ಪಾಲು. ಸಿನಿಮಾ ಹಾಡಿಗೆ ಇದು ಸರಿಯೇ. ಆದರೆ ಅಮ್ಮನಿಗೆ ಬೇಕಾದದ್ದು ತಾಳಮದ್ದಳೆ, ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳು 30 ಸೆಕೆಂಡಿನಲ್ಲಿ ಪೀಠಿಕೆಗೂ ಇಳಿಯುತ್ತಿರಲಿಲ್ಲ. ಮೂರು ಗಂಟೆಯ ಪ್ರಸಂಗವನ್ನು ಒಂದೇ ತುಂಡಾಗಿ ಏರಿಸಿದರೆ ಅದಕ್ಕೂ ಒಂದೇ ಲೆಕ್ಕ, ಅಷ್ಟು ಹೊತ್ತಿನಲ್ಲಿ ಮೊಮ್ಮಗನ ಮೂರು ಮೂರು ನಿಮಿಷದ ಹಾಡುಗಳಿಗೆ ಅರವತ್ತು. ವಾಲಿಯೂ ಕೌರವನೂ ಇಷ್ಟು ಅಗ್ಗವಾಗುವುದರಲ್ಲಿ ನನಗೇನೋ ಸಮಾಧಾನವಿಲ್ಲ.

ಅಮ್ಮ ಮಾತ್ರ ಬೇರೆ ಕಡೆಯಿಂದ ಹಿಡಿದರು. ನಮ್ಮ ಕಡೆ ಮನೆಗಳಲ್ಲಿ ತಾಳಮದ್ದಳೆ ಇಟ್ಟರೆ ಕೇಳಲು ಬಂದವರಿಗೆ ಖರ್ಚೇ ಇಲ್ಲ. ಮಾತಾಡುವ ಅರ್ಥಧಾರಿಗಳಿಗೆ, ಹಾಡುವ ಭಾಗವತರಿಗೆ ಸಂಭಾವನೆ ಕೊಡುವುದು ಮನೆಯವರು. ಬಂದವರಿಗೆಲ್ಲ ಊಟ, ನಿದ್ದೆ ತಡೆಯಲು ನಡುರಾತ್ರಿಗೆ ಚಾ. “ಧರ್ಮಕ್ಕೆ ಅಂದ್ರೆ ಅದು. ಇದರಲ್ಲಿ ಮನೆಯವರು ಯಾರು?”

“ನಾನೇ ಅಜ್ಜಿ, ಚಂದಾ ಕಟ್ಟುವವ.”

ಆ ಉತ್ತರ ಅವರಿಗೆ ಹಿಡಿಸಿತು. “ಹಾಗಾದ್ರೆ ನನಗೂ ಒಂದು ಎಲೆ ಹಾಕು.”

ಕುಟುಂಬ ಚಂದಾದಲ್ಲಿ ಆರು ಜನರಿಗೆ ಜಾಗ. ಈ ಮನೆಯಲ್ಲಿ ಒಂದು ಕಾಲಕ್ಕೆ ಆರು ಜನ ಅಂದರೆ ಅರ್ಧ ಪಂಕ್ತಿಯೂ ಅಲ್ಲ; ಈಗ ನಾವಿಬ್ಬರು, ಉಳಿದವರೆಲ್ಲ ವಾಟ್ಸಪ್ಪಿನಲ್ಲಿ. ಹುಡುಗನ ಪಟ್ಟಿಯಲ್ಲಿ ಒಂದು ಜಾಗ ಖಾಲಿಯಿತ್ತು. ಆದರೆ ಆರೂ ಜನ ಒಂದೇ ವಿಳಾಸದಲ್ಲಿರಬೇಕೆಂಬ ನಿಯಮ ಉಂಟು. ಅವನು ನನ್ನ ಮುಖ ನೋಡಿದ. ನಾನು ತೋಟದ ಕಡೆ ನೋಡಿದೆ. ಗಡಿಯಾಚೆ ಕೇರಳದ ಅಡೂರಿನಿಂದ ನಮ್ಮ ಮಂಡೆಕೋಲಿಗೆ ಮದುವೆಯಾಗಿ ಬಂದು ಒಮ್ಮೆ ರಾಜ್ಯ ಬದಲಿಸಿದ್ದ ಅಮ್ಮ, ಈಗ ಅವನ ಫೋನಿನ ಪ್ರಕಾರ ನ್ಯೂಜೆರ್ಸಿಯವರು.