ಮಳೆ ಆಂಬೋಲಿಯಲ್ಲಿ, ಅಬ್ಬರ ಗೋಕಾಕದಲ್ಲಿ

ಆಶ್ಲೇಷ ಮಳೆಯ ದಿನಗಳು. ಗೋಕಾಕದಿಂದ ಹೊರಟ ಟಂಟಂ ಆರು ಕಿಲೋಮೀಟರ್ ಕುಲುಕಿ ಫಾಲ್ಸ್‌ನ ತಿರುವಿನಲ್ಲಿ ನಿಲ್ಲುತ್ತದೆ. ನದಿ ಇನ್ನೂ ಕಣ್ಣಿಗೆ ಬಿದ್ದಿಲ್ಲ, ಅಂಗಾಲಿಗೆ ಮಾತ್ರ ಆಗಲೇ ತಿಳಿದಿದೆ. ರಸ್ತೆ ಬದಿಯ ಚಹಾದಂಗಡಿಯ ತಗಡು ಒಂದೇ ಸಮನೆ ಗುಂಯ್‌ಗುಡುತ್ತಿದೆ. ಅಂಗಡಿಯವರಿಗೆ ಅದು ಕೇಳಿಸುವುದೇ ಇಲ್ಲವೇನೋ. ಎದುರಿಗೆ ಕೂತವರೊಂದಿಗೂ ಕೂಗಿಯೇ ಮಾತಾಡುತ್ತಾರೆ, ಅದು ಅವರಿಗೆ ಸಹಜ.

ತಲೆ ಎತ್ತಿದರೆ ಮಳೆ ಇಲ್ಲ. ಪಡುವಣ ಗಾಳಿ ಬೂದು ಮೋಡಗಳನ್ನು ಗುಂಪುಗುಂಪಾಗಿ ಅಟ್ಟುತ್ತಿದೆ. ಒಂದೂ ನಿಂತು ಸುರಿಯುವುದಿಲ್ಲ. ಅಲ್ಲೊಂದು ಇಲ್ಲೊಂದು ಹನಿ ಹಾಕಿ ಯರಗಟ್ಟಿಯ ಕಡೆ ಓಡುತ್ತವೆ. ರಸ್ತೆಯ ಅಂಚಿನಲ್ಲಿ ಧೂಳಿದೆ, ನಂಬಿ. ಅಂಗಿ ಒದ್ದೆಯಾಗಲು ಇನ್ನೂರು ಹೆಜ್ಜೆ ಮುಂದೆ ಹೋಗಬೇಕು.

ಹೋಗೋಣ. ಬಂಡೆಗಳ ನಡುವೆ ಹಾದು ಕಟಾಂಜನ ಹಿಡಿದುಕೊಳ್ಳುತ್ತಿದ್ದಂತೆ ಮುಖಕ್ಕೆ ತುಂತುರು ರಾಚುತ್ತದೆ. ಕನ್ನಡಕ ಕೆಲಸಕ್ಕೆ ಬಾರದು, ತೆಗೆದು ಜೇಬಿಗೆ ಹಾಕಿಕೊಳ್ಳಿ. ಎದುರಿಗೆ ಕುದುರೆ ಲಾಳದಂತೆ ಬಾಗಿದ ಬಂಡೆಯ ಅಂಚು. ಅದರ ಉದ್ದಕ್ಕೂ ಘಟಪ್ರಭೆ ಬೆಲ್ಲದ ಪಾಕದ ಬಣ್ಣದಲ್ಲಿ ಉಕ್ಕಿ ಬಂದು ಐವತ್ತೆರಡು ಮೀಟರ್ ಕೆಳಗೆ ಬೀಳುತ್ತಿದೆ. ಹೊಳೆ ತುಂಬಿದಾಗ ಈ ಅಂಚಿನ ಅಗಲ 177 ಮೀಟರ್. ಇವತ್ತು ತುಂಬಿದೆ. ನೀರು ಅಂಚಿಗೆ ಬಂದ ಕ್ಷಣ ಇನ್ನೂ ನೀರೇ. ಅರ್ಧ ದಾರಿಗೆ ಚೂರುಚೂರಾಗಿ ಬಿಳಿಯಾಗುತ್ತದೆ. ಬುಡ ಕಾಣುವುದೇ ಇಲ್ಲ. ಅಲ್ಲಿಂದ ಎದ್ದ ಹಬೆಯಂಥ ತುಂತುರು ನಾವು ನಿಂತ ಎತ್ತರಕ್ಕೂ ಏರಿ ಹಿಂದಿನ ಬೇವಿನ ಮರಗಳನ್ನು ತೋಯಿಸುತ್ತಿದೆ.

ಕಂಬಳಿಯ ಕೊಪ್ಪೆ ಹಾಕಿಕೊಂಡ ಮುದುಕರೊಬ್ಬರು ಕೆಂಡದ ಮೇಲೆ ಗೋಂಜಾಳದ ತೆನೆ ಸುಡುತ್ತಿದ್ದಾರೆ. ಉಪ್ಪು, ಖಾರ, ಲಿಂಬೆ ತಿಕ್ಕಿ ಕೈಗೆ ಕೊಡುತ್ತಾರೆ.

"ಕಾಕಾ, ಈ ಸಲ ಮಳಿ ಜೋರ ಆತೇನ್ರಿ?"

"ಎಲ್ಲಿ ಮಳಿ ತಮ್ಮಾ? ನಮ್ಮ ಹೊಲದಾಗ ಗೋಂಜಾಳ ಬಾಡಾಕತ್ತೈತಿ. ಇದೆಲ್ಲಾ ಮ್ಯಾಲಿನ ನೀರ. ಆಂಬೋಲ್ಯಾಗ ಹೊಡದ್ರ ಇಲ್ಲಿ ಹೊಳಿ ಬರತೈತಿ."

ಈ ಒಂದು ಮಾತಿನಲ್ಲಿ ಗೋಕಾಕ ಫಾಲ್ಸ್‌ನ ಇಡೀ ಹವಾಮಾನ ಇದೆ. ಗೋಕಾಕ ಮಳೆನೆರಳಿನ ಸೀಮೆ. ವರ್ಷಕ್ಕೆ ಐನೂರು, ಆರುನೂರು ಮಿಲಿಮೀಟರ್ ಆದರೆ ಪುಣ್ಯ. ಹಿರಣ್ಯಕೇಶಿ ಹುಟ್ಟುವ ಆಂಬೋಲಿಯಲ್ಲಿ ಏಳು ಸಾವಿರ ದಾಟುತ್ತದೆ. ಎರಡರ ನಡುವೆ ನೇರ ಗೆರೆ ಎಳೆದರೆ ನೂರು ಕಿಲೋಮೀಟರೂ ಇಲ್ಲ. ಅರಬ್ಬಿ ಸಮುದ್ರದ ಗಾಳಿ ಸಹ್ಯಾದ್ರಿಯ ಗೋಡೆ ಹತ್ತುವಾಗ ಹೊರೆ ಇಳಿಸಿಬಿಡುತ್ತದೆ, ಘಟ್ಟದಿಂದ ಇತ್ತ ಇಳಿಯುವಾಗ ಕೈ ಬರಿದು. ಮೋಡ ಕೊಡದ ನೀರನ್ನು ಹೊಳೆ ತಂದುಕೊಡುತ್ತದೆ. ಹಿರಣ್ಯಕೇಶಿ ಸಂಕೇಶ್ವರದ ಮೇಲೆ ಹರಿದು ಬಂದು ಘಟಪ್ರಭೆಯನ್ನು ಸೇರುವುದು ಹಿಡಕಲ್ ಅಣೆಕಟ್ಟೆಯ ಕೆಳಗೆ. ಹಾಗಾಗಿ ಅಣೆಕಟ್ಟೆ ತುಂಬುವ ಮುಂಚೆಯೂ ಫಾಲ್ಸ್ ಕೆಂಪೇರಬಲ್ಲದು. ಉಳಿದದ್ದು ಹಿಡಕಲ್‌ನ ಗೇಟಿನ ಮರ್ಜಿ. ಹುಕ್ಕೇರಿ ತಾಲ್ಲೂಕಿನ ಆ ಜಲಾಶಯದ ಹೊಟ್ಟೆ 51 ಟಿಎಂಸಿಯಷ್ಟು ದೊಡ್ಡದು. 2175 ಅಡಿ ಮುಟ್ಟುವವರೆಗೆ ಅದು ಸುಲಭಕ್ಕೆ ಬಾಯಿ ಬಿಡುವುದಿಲ್ಲ.

ಹಾಗಾದರೆ ನಾವು ನೋಡುತ್ತಿರುವುದು ಪ್ರಕೃತಿಯೋ ನೀರಾವರಿ ಇಲಾಖೆಯೋ? ನನ್ನ ಮಟ್ಟಿಗೆ ಎರಡೂ. ಏಪ್ರಿಲ್‌ನಲ್ಲಿ ಬಂದವರಿಗೆ ಇದೇ ಜಾಗದಲ್ಲಿ ಬಿಸಿಲಿಗೆ ಕಾದ ಬರೀ ಬಂಡೆ, ಅದರ ಮೇಲೆ ಕಪ್ಪು ಕಲೆ, ಗುಂಡಿಗಳಲ್ಲಿ ಹಸಿರು ನೀರು. ಫಾಲ್ಸ್ ಎಂಬ ಹೆಸರು ಬಸ್ಸಿನ ಬೋರ್ಡಿನಲ್ಲಿ ಮಾತ್ರ ಇರುತ್ತದೆ.

ಬಂಡೆಯನ್ನೂ ಒಮ್ಮೆ ನೋಡಿ. ಪದರ ಪದರವಾಗಿ, ಚಪ್ಪಡಿ ಜೋಡಿಸಿಟ್ಟ ಹಾಗೆ ನಿಂತ ಮರಳುಗಲ್ಲು ಇದು, ಕಲಾದಗಿ ಸೀಮೆಯ ಶಿಲೆ. ಪಶ್ಚಿಮಕ್ಕೆ ಹೋದಂತೆ ಸಿಗುವ ದಖ್ಖನ್ನಿನ ಕರಿಕಲ್ಲು ಸುಮಾರು 6.6 ಕೋಟಿ ವರ್ಷದ ಹಿಂದೆ ಲಾವಾ ಆಗಿ ಹರಿದದ್ದು. ಅದಕ್ಕಿಂತ ಎಷ್ಟೋ ಪಾಲು ಹಳೆಯದು ಈ ಕಲ್ಲು. ಆ ಕಾಲಕ್ಕೆ ನೆಲದ ಮೇಲೆ ಒಂದು ಹುಲ್ಲುಕಡ್ಡಿಯೂ ಇರಲಿಲ್ಲ. ಗಟ್ಟಿ ಪದರ ಸವೆಯದೆ ನಿಲ್ಲುತ್ತದೆ, ಬಿರುಕು ಬಿಟ್ಟಲ್ಲಿ ಚಪ್ಪಡಿ ಚಪ್ಪಡಿಯಾಗಿಯೇ ಕಳಚುತ್ತದೆ. ಅದಕ್ಕೇ ಗೋಡೆ ಇಷ್ಟು ನೆಟ್ಟಗಿದೆ, ನೀರು ಜಾರದೆ ಬೀಳುತ್ತದೆ.

ಗೋಡೆಯ ಸಂದುಗಳಲ್ಲಿ ಪಾರಿವಾಳಗಳ ಸಂಸಾರ. ಪೇಟೆಯ ಮಾಳಿಗೆಯಲ್ಲಿ ಗುಟುಗುಟು ಎನ್ನುವ ಅದೇ ಹಕ್ಕಿ. ಅದರ ಅಸಲು ಮನೆ ಇಂಥ ಕಡಿದಾದ ಕಲ್ಲು. ಹತ್ತಾರು ಒಮ್ಮೆಗೇ ಹಾರಿ, ಧುಮುಕುವ ನೀರಿನ ಪಕ್ಕದಲ್ಲೇ ರೆಕ್ಕೆ ಮಡಚಿ ಸಂದಿಗೆ ನುಗ್ಗುತ್ತವೆ. ಒಂದಕ್ಕೂ ಗುರಿ ತಪ್ಪುವುದಿಲ್ಲ. ಅತ್ತ ನೋಡುತ್ತಿದ್ದಾಗಲೇ ಕೈಯಲ್ಲಿದ್ದ ತೆನೆ ಮಾಯ. ಕಟಾಂಜನದ ಮೇಲೆ ಮಂಗ ಕೂತು ನನ್ನ ಖರ್ಚಿನ ಗೋಂಜಾಳವನ್ನು ತಿರುತಿರುಗಿಸಿ ತಿನ್ನುತ್ತಿದೆ. ಖಾರ ಹತ್ತಿತೇನೋ, ತುಟಿ ಒರೆಸಿಕೊಂಡಿತು. ಕಾಕಾ ನಕ್ಕು ಇನ್ನೊಂದು ತೆನೆ ಕೆಂಡಕ್ಕಿಟ್ಟರು. ಅದರ ದುಡ್ಡು ತೆಗೆದುಕೊಳ್ಳಲಿಲ್ಲ.

ಮೇಲುಗಡೆ ನದಿಯ ಅಡ್ಡಕ್ಕೆ ತೂಗುಸೇತುವೆ. 201 ಮೀಟರ್ ಉದ್ದ, ಬಂಡೆಯ ತಳದಿಂದ 14 ಮೀಟರ್ ಎತ್ತರ. ಹೊಳೆ ಬಂದಾಗ ಅದರ ಮೇಲೆ ಬಿಡುವುದಿಲ್ಲ ಎಂದರೆ ಬಿಡಬಾರದು, ಕಾವಲುಗಾರರ ಜೊತೆ ವಾದ ಬೇಡ. ದಂಡೆಯಲ್ಲಿ ಚಾಲುಕ್ಯರ ಕಾಲದ ಮಹಾಲಿಂಗೇಶ್ವರ ಗುಡಿ ಇದೆ. ಒಳಗೆ ಹೆಜ್ಜೆ ಇಟ್ಟರೆ ಹೊರಗಿನ ಮೊರೆತ ಅರ್ಧಕ್ಕರ್ಧ ಇಳಿಯುತ್ತದೆ. ಕಂಬಕ್ಕೆ ಅಂಗೈ ಇಟ್ಟರೆ ತಣ್ಣಗಿದೆ, ತುಸುವೇ ತೇವ.

ಈಚೆ ನೂಲಿನ ಗಿರಣಿಯ ಉದ್ದನೆಯ ಗೋಡೆ. ಕಂಪನಿ ಕಟ್ಟಿದ್ದು 1885ರಲ್ಲಿ, ಎರಡು ವರ್ಷಕ್ಕೆ, 1887ರಲ್ಲಿ, ಈ ನೀರಿನ ಬಲದಿಂದಲೇ ಕದಿರು ತಿರುಗಿದವು. ಶಿವನಸಮುದ್ರದ ವಿದ್ಯುತ್ತು ಕೋಲಾರದ ಗಣಿ ಮುಟ್ಟಿದ್ದು 1902ರಲ್ಲಿ. ಕಾವೇರಿಗಿಂತ ಮೊದಲೇ ಘಟಪ್ರಭೆ ಕೂಲಿಗೆ ಹೋಗಿದ್ದಳು.

ಮಧ್ಯಾಹ್ನದ ಹೊತ್ತಿಗೆ ಗೊಡಚಿನಮಲ್ಕಿಯ ದಾರಿ. ಅಲ್ಲಿ ಬೀಳುವುದು ಮಾರ್ಕಂಡೇಯ, ಬೆಳಗಾವಿಯ ಬಗಲಲ್ಲಿ ಹಾದು ಬರುವ ಹೊಳೆ. ಸುಮಾರು ಇಪ್ಪತ್ತೈದು ಮೀಟರ್ ಒಮ್ಮೆ ಬಿದ್ದು, ಬಂಡೆಗಳ ಕಣಿವೆಯಲ್ಲಿ ಸ್ವಲ್ಪ ದೂರ ಹರಿದು ಮತ್ತೊಮ್ಮೆ ಬೀಳುತ್ತದೆ. ಜಾಲಿ, ಕಾರೆ ಕಂಟಿಗಳ ನಡುವೆ ಕಾಲುದಾರಿ. ಎರೆಮಣ್ಣು ಚಪ್ಪಲಿಗೆ ಮೆತ್ತಿ ಪ್ರತಿ ಹೆಜ್ಜೆಗೂ ತೂಕ ಏರುತ್ತದೆ. ಎಲ್ಲೋ ನವಿಲು ಕೂಗುತ್ತದೆ, ಕಾಣುವುದಿಲ್ಲ. ಇದ್ದಕ್ಕಿದ್ದಂತೆ ಒಂದು ಮೋಡ ಮನಸ್ಸು ಬದಲಿಸಿ ಹತ್ತೇ ನಿಮಿಷ ದಬದಬನೆ ಸುರಿಯುತ್ತದೆ. ಓಡಿ ಬಂಡೆಯ ಅಡಿಗೆ ಸೇರಿದರೆ ಅಲ್ಲಿ ಆಗಲೇ ಐದಾರು ಆಡು ಮತ್ತು ಒಬ್ಬ ಹುಡುಗ. "ಸರೀರಿ ಅಣ್ಣಾ, ಜಾಗಾ ಐತಿ" ಎಂದು ಆಡೊಂದನ್ನು ಬದಿಗೆ ತಳ್ಳುತ್ತಾನೆ. ಮಳೆ ನಿಂತ ಮೇಲೆ ಬಿಸಿಲು. ಬೆನ್ನಿಗೆ ಸೂರ್ಯ ಬಂದದ್ದರಿಂದ ತುಂತುರಿನಲ್ಲಿ ಕಾಮನಬಿಲ್ಲು. ಹುಡುಗ ಅತ್ತ ತಿರುಗಿಯೂ ನೋಡುವುದಿಲ್ಲ, ಆಡು ಎಣಿಸುತ್ತಾನೆ.

ಈ ಮಾರ್ಕಂಡೇಯ ಗೋಕಾಕದ ಹತ್ತಿರ ಘಟಪ್ರಭೆಗೆ ಸೇರುತ್ತದೆ. ಎರಡೂ ಒಟ್ಟಿಗೆ ತುಂಬಿದರೆ ಊರಿಗೆ ಕಷ್ಟ. 2019ರ ಆಗಸ್ಟ್‌ನಲ್ಲಿ ಆದದ್ದು ಅದೇ. ಲೋಳಸೂರ ಸೇತುವೆ ಮುಳುಗಿತು, ಗೋಕಾಕದ ತಗ್ಗಿನ ಓಣಿಗಳ ಮನೆಗಳಿಗೆ ನೀರು ಹೊಕ್ಕಿತು. ಫಾಲ್ಸ್ ನೋಡಲು ನಾವು ಬಯಸುವ ಹೊಳೆ ಅವರ ಅಡುಗೆಮನೆಗೆ ಬರುವ ಹೊಳೆಯೂ ಹೌದು. ಕರದಂಟಿನ ಅಂಗಡಿಯಲ್ಲಿ ನಿಂತು "ಈ ಸಲ ನೀರು ಕಡಿಮೆ" ಎಂದು ಗೊಣಗುವ ಪ್ರವಾಸಿಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಸಂಜೆಗೆ ಧೂಪದಾಳ. 1897ರ ಒಡ್ಡಿನ ಹಿಂದೆ ಹರಡಿದ ನೀರು ಇಲ್ಲಿ ಸಪ್ಪಳವನ್ನೇ ಮಾಡುವುದಿಲ್ಲ. ಫಾಲ್ಸ್‌ನಲ್ಲಿ ಅಬ್ಬರಿಸುವುದು ಇದೇ ನೀರೆಂದು ನಂಬುವುದು ಕಷ್ಟ. ಸುತ್ತಲಿನ 29.78 ಚದರ ಕಿಲೋಮೀಟರ್ 1974ರಿಂದ ಘಟಪ್ರಭಾ ಪಕ್ಷಿಧಾಮ. ಮುಳುಗಿದ ಜಾಲಿಯ ತುದಿಯಲ್ಲಿ ನೀರುಕಾಗೆಗಳು ರೆಕ್ಕೆ ಹರಡಿ ಒಣಗಿಸುತ್ತಿವೆ. ಕಬ್ಬಿನ ಗದ್ದೆಯ ಅಂಚಿನ ಮರಕ್ಕೆ ಗೀಜಗನ ಗೂಡುಗಳು, ಕೆಲವಿನ್ನೂ ಅರ್ಧ ನೇಯ್ದವು. ಗಂಡು ಹಕ್ಕಿ ಕಬ್ಬಿನ ಗರಿಯನ್ನು ಸೀಳಿ ಉದ್ದನೆಯ ಎಳೆ ಕಚ್ಚಿಕೊಂಡು ಬರುತ್ತದೆ, ಹೆಣೆಯುತ್ತದೆ, ಮತ್ತೆ ಹೋಗುತ್ತದೆ. ಇಲ್ಲಿನ ಹೆಸರಾಂತ ಅತಿಥಿಗಳಾದ ಡೆಮೊಯ್ಸೆಲ್ ಕ್ರೇನ್, ಯುರೋಪಿನ ಬಿಳಿ ಕೊಕ್ಕರೆ ಈಗ ಇಲ್ಲ. ಅವು ಬರುವುದು ಚಳಿಗಾಲಕ್ಕೆ, ಒಡ್ಡಿನ ನೀರು ತಿಳಿಯಾಗಿ ದಂಡೆಯ ಕೆಸರು ಮೇಲೆ ಬಿದ್ದಾಗ. ಫಾಲ್ಸ್‌ನ ಕಾಲ ಬೇರೆ, ಹಕ್ಕಿಗಳ ಕಾಲ ಬೇರೆ. ಒಂದೇ ಪ್ರವಾಸದಲ್ಲಿ ಎರಡೂ ಸಿಗಬೇಕೆಂದರೆ ಆಗದು.

ಬರುವವರಿಗೆ ನನ್ನದೊಂದು ಮಾತು. ಹೊರಡುವ ಮುಂಚೆ ಗೋಕಾಕದ ಮಳೆಯ ಸುದ್ದಿ ಕೇಳಬೇಡಿ, ಆಂಬೋಲಿಯ ಮಳೆ ಎಷ್ಟು, ಹಿಡಕಲ್ ಗೇಟು ತೆರೆದಿದೆಯೇ ಎಂದು ಕೇಳಿ. ಬಂದ ಮೇಲೆ ಕಟಾಂಜನ ದಾಟಿ ಫೋಟೋಕ್ಕೆಂದು ಬಂಡೆಯ ಅಂಚಿಗೆ ಇಳಿಯಬೇಡಿ. ಪಾಚಿ ಕಟ್ಟಿದ ಮರಳುಗಲ್ಲಿನ ಮೇಲೆ ಕಾಲು ನಿಲ್ಲುವುದಿಲ್ಲ, ಮತ್ತು ತಲೆಯ ಮೇಲೆ ಒಂದು ಹನಿ ಮಳೆ ಇಲ್ಲದಾಗಲೂ ಇಲ್ಲಿ ನೀರು ಏರುತ್ತದೆ.